ಭಾನುವಾರದ ಅಭ್ಯಾಸ: ಫಾರ್ವರ್ಡ್ ಆಟಗಾರರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ಕಾರವಾರದ ಟಾಗೋರ್ ಕಡಲತೀರದಲ್ಲಿ ರಗ್ಬಿ ಅಭ್ಯಾಸವಿದ್ದು, 1ರಿಂದ 8ರವರೆಗಿನ ಸಂಖ್ಯೆಯ ಅಂಗಿ ತೊಡುವ ಫಾರ್ವರ್ಡ್ ಆಟಗಾರರು ತಪ್ಪದೆ ಬರಬೇಕಾಗಿ ವಿನಂತಿ. ಬಳಿಕ ನ್ಯೂಜಿಲೆಂಡಿನ ರಿಚಿ ಮೆಕಾವ್ ಅವರ ವೃತ್ತಿಜೀವನದ ಕುರಿತು ಅರ್ಧ ಗಂಟೆ ಮಾತುಕತೆ ಇರುತ್ತದೆ. 2001ರಿಂದ 2015ರವರೆಗೆ 148 ಟೆಸ್ಟ್ (ಅಂತರರಾಷ್ಟ್ರೀಯ) ಪಂದ್ಯಗಳನ್ನಾಡಿ, ಅವುಗಳಲ್ಲಿ 110ಕ್ಕೆ ನಾಯಕರಾಗಿದ್ದ ಈ ಫ್ಲಾಂಕರ್ (ಫಾರ್ವರ್ಡ್‌ಗಳಲ್ಲಿ ಅಂಚಿನಲ್ಲಿ ಆಡುವವರು), ಪಾದದ ಮೂಳೆ ಮುರಿದಿದ್ದರೂ 2011ರಲ್ಲಿ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟರು. 2015ರಲ್ಲಿ ಮತ್ತೊಮ್ಮೆ ಗೆದ್ದರು. ಹಾಗೆಂದು ನಮ್ಮಲ್ಲಿ ಯಾರೂ ನೋವನ್ನು ಮುಚ್ಚಿಟ್ಟು ಸ್ಕ್ರಮ್‌ಗೆ (ಎರಡೂ ಕಡೆಯ ಫಾರ್ವರ್ಡ್‌ಗಳು ಬಾಗಿ ಒಬ್ಬರನ್ನೊಬ್ಬರು ತಳ್ಳುವ ಸೆಣಸಾಟ) ಇಳಿಯಬಾರದು; ಗಾಯವಿದ್ದವರು ಮೊದಲೇ ತಿಳಿಸಬೇಕು.

ಮೌತ್‌ಗಾರ್ಡ್ ಮತ್ತು ಕುಡಿಯುವ ನೀರನ್ನು ತಾವೇ ತರಬೇಕು. ಅಂಕೋಲಾ ಕಡೆಯಿಂದ ಬರುವವರೂ ಸೇರಿದಂತೆ ಎಲ್ಲರೂ ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಉತ್ತರಿಸಿ ಸಹಕರಿಸಬೇಕಾಗಿ ಕೋರುತ್ತೇನೆ.