ಬಿದಿರಿಗೆ ಎಷ್ಟು ಶಾಖ ಸಾಕು

ಚಿ. ಮಂಜುನಾಥನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕುರ್ಚಿ, ಮೇಜುಗಳಿಗೆ ಒಳ್ಳೆಯ ಕಾಫಿ ಬಣ್ಣ ಬರಲೆಂದು ಬಿದಿರನ್ನು 220 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವ ಯೋಚನೆ ನಿನಗಿದೆಯೆಂದು ಪತ್ರದಿಂದ ತಿಳಿಯಿತು. ಭಾರ ಹೊರುವ ಭಾಗಗಳಿಗೆ ಅಷ್ಟು ಶಾಖ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಬಿದಿರಿನ ಮುಖ್ಯ ಘಟಕಗಳಾದ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಲ್ಲಿ ಶಾಖಕ್ಕೆ ಮೊದಲು ಸೋಲುವುದು ಹೆಮಿಸೆಲ್ಯುಲೋಸ್. ಗಾಳಿಯ ತೇವವನ್ನು ಹೆಚ್ಚಾಗಿ ಹೀರಿಕೊಳ್ಳುವುದೂ ಅದೇ ಆದ್ದರಿಂದ, 160ರಿಂದ 180 ಡಿಗ್ರಿಯ ಆಸುಪಾಸಿನಲ್ಲಿ ಅದು ಒಡೆಯತೊಡಗಿದಾಗ ಬಿದಿರು ಮಳೆಗಾಲದಲ್ಲಿ ಉಬ್ಬುವುದೂ ಬೇಸಿಗೆಯಲ್ಲಿ ಕುಗ್ಗುವುದೂ ಕಡಿಮೆಯಾಗುತ್ತದೆ. ಬೂಷ್ಟು ಹಿಡಿಯುವುದೂ ತಗ್ಗುತ್ತದೆ. ಬಿದಿರು ಕಾಯಿಸುವ ಗೂಡಿನ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಹುಳಿ ವಾಸನೆ ಆಗ ಹುಟ್ಟುವ ಅಸಿಟಿಕ್ ಆಮ್ಲದ್ದು. ಆ ಆಮ್ಲವೇ ಒಳಗಿನ ವಿಘಟನೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ, 200 ಡಿಗ್ರಿ ದಾಟಿದ ಮೇಲೆ ಬಣ್ಣ ಗಾಢವಾಗುತ್ತಾ ಹೋದಂತೆ ಬಿದಿರು ಪೆಡಸಾಗಿ ಸುಲಭವಾಗಿ ಮುರಿಯುವಂತಾಗುತ್ತಾ ಹೋಗುತ್ತದೆ. ಕೈಯಿಂದ ಒತ್ತಿದರೆ ಬಿಗುಪು ಮೊದಲಿನಂತೆಯೇ ಇದ್ದಂತೆ ತೋರುತ್ತದೆ, ಮೋಸವಾಗುವುದು ಅಲ್ಲಿಯೇ.

ಬಿದಿರಿನ ಒಂದೇ ಗಳುವಿನಿಂದ ಎರಡು ಸೀಳು ತೆಗೆದು, ಒಂದನ್ನು ಮಾತ್ರ ಕಾಯಿಸಿ, ಎರಡನ್ನೂ ಮುರಿಯುವವರೆಗೆ ಬಗ್ಗಿಸಿ ನೋಡು. ಕಾಯಿಸದೆ ಬಿಟ್ಟದ್ದು ಮುರಿದರೂ ಉದ್ದುದ್ದ ನಾರುಗಳು ಕಿತ್ತುಕೊಂಡು ಜೋತಾಡುತ್ತವೆ. ಅತಿಯಾಗಿ ಕಾದದ್ದು ಸಪ್ಪಳದೊಡನೆ ಹಪ್ಪಳದಂತೆ ಮೊಟಕಾಗಿ ಮುರಿಯುತ್ತದೆ. ಮುರಿದ ಆ ತುದಿ ಹೇಳುವುದನ್ನು ಬಣ್ಣದ ಪಟ್ಟಿ ಹೇಳಲಾರದು. ಆದ್ದರಿಂದ ಕಾಲು, ಅಡ್ಡಪಟ್ಟಿಗಳಿಗೆ 180 ಡಿಗ್ರಿಯ ಮೇಲೆ ಹೋಗಬೇಡ. ಕಡುಗಂದು ಬೇಕೇಬೇಕೆನ್ನುವವರಿಗೆ ಗೋಡೆಯ ಹಲಗೆಗಳನ್ನು ಹಾಗೆ ಮಾಡಿಕೊಡು.

ಹಸಿ ಗಳುವನ್ನು ನೇರವಾಗಿ ಗೂಡಿಗಿಟ್ಟರೆ ಅದು ಸೀಳಿಬಿಡುತ್ತದೆ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಇಡೀ ಗಳುವಾದರೆ ಗೆಣ್ಣುಗಳ ಒಳಪದರವನ್ನು ಸಲಾಕೆಯಿಂದ ತೂತು ಮಾಡಿ, ಒಳಗಿನ ಬಿಸಿಗಾಳಿಗೂ ಹಬೆಗೂ ದಾರಿ ಕೊಡು. ಗೂಡಿನೊಳಗೆ ಆಮ್ಲಜನಕ ಕಡಿಮೆಯಿರುವಂತೆ ಹಬೆ ತುಂಬಿಸುವುದು ಒಳ್ಳೆಯದು. ಇಲ್ಲವಾದರೆ ಮೇಲ್ಮೈ ಕರಕಲಾಗುವ ಸಂಭವವಿದೆ.

ಕಾಯಿಸಿದ ಬಿದಿರು ನೀರನ್ನು ಬೇಗ ಹೀರದ ಕಾರಣ ನೀರು ಬೆರೆತ ಅಂಟು ಅದಕ್ಕೆ ನಿಧಾನವಾಗಿ ಹಿಡಿಯುತ್ತದೆ. ಹೊಸದಾಗಿ ಉಜ್ಜಿದ ಮೇಲ್ಮೈಗೆ ಅಂಟು ಬಳಿದು, ತುಂಡುಗಳನ್ನು ಒತ್ತಿ ಹಿಡಿಯುವ ಶಿಕಂಜವನ್ನು ಎಂದಿಗಿಂತ ಹೆಚ್ಚು ಹೊತ್ತು ಬಿಗಿದಿಡು. ಶಾಖ ಕೊಟ್ಟದ್ದಕ್ಕೆ ಗೆದ್ದಲು ಹತ್ತುವುದಿಲ್ಲವೆಂದು ಮಾತ್ರ ಗಿರಾಕಿಗಳಿಗೆ ಭರವಸೆ ಕೊಡಬೇಡ. ಅಂಗಳದಲ್ಲಿಡುವ ಬೆಂಚುಗಳ ಕಾಲು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಲು ಅವರಿಗೆ ಮೊದಲೇ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ