ಗುರುವಾರದ ಸೂಜಿ

ಪುಟ್ಟೀ,

ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಾಯಿ ಕಚ್ಚಿದ್ದಕ್ಕೆ "ಎರಡು ಇಂಜೆಕ್ಷನ್ ಆಯ್ತಲ್ಲಮ್ಮ, ಮೂರನೇದು ಕೆಲಸ ಮುಗಿದ ಮೇಲೆ ನೋಡೋಣ" ಅಂದೆಯಲ್ಲ, ಅಲ್ಲಿಂದ ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿಲ್ಲ. ಕೂಗಾಡಿದ್ದಕ್ಕೆ ಬೇಜಾರಿದೆ. ಹೇಳಿದ ಮಾತಿಗೆ ಇಲ್ಲ.

ನಾಯಿ ಮೀನಖಂಡಕ್ಕೆ ಬಾಯಿ ಹಾಕಿದ ಮೇಲೂ ಅಳುತ್ತ ಕೂರದೆ, ನಲ್ಲಿ ಬಿಟ್ಟು ಸೋಪು ಹಾಕಿ 15 ನಿಮಿಷ ಗಾಯ ತೊಳೆದೆಯಂತೆ. ಅಪ್ಪ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. ಗಾಯದಲ್ಲಿರಬಹುದಾದ ಹುಚ್ಚುನಾಯಿ ರೋಗದ (ರೇಬೀಸ್) ವೈರಸ್ಸನ್ನು ಕಡಿಮೆ ಮಾಡಲು ಅದಕ್ಕಿಂತ ದೊಡ್ಡ ಪ್ರಥಮ ಚಿಕಿತ್ಸೆ ಇಲ್ಲ. ನಾನಾಗಿದ್ದರೆ ಕೈಕಾಲು ಬಿಟ್ಟುಹೋಗುತ್ತಿತ್ತು.

ಆದರೆ ರಕ್ತ ಬಂದಿತ್ತು ಅನ್ನುವುದನ್ನು ಕೊನೆಗೆ ಹೇಳಿದೆ, ಅದೂ ನಗುತ್ತ. ರಕ್ತ ಬಂದ ಕಡಿತಕ್ಕೆ ಲಸಿಕೆಯೊಂದೇ ಸಾಲದು, ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ, ಚುಚ್ಚಬೇಕು. ಲಸಿಕೆ ಕೆಲಸ ಶುರು ಮಾಡುವವರೆಗೆ ಕಾವಲಿರುವುದು ಅದೇ. ಕೊಟ್ಟರಾ? ಇಲ್ಲದಿದ್ದರೆ ಇನ್ನೂ ಹೊತ್ತು ಮೀರಿಲ್ಲ, ಮೊದಲ ಸೂಜಿಯಿಂದ 7 ದಿನದೊಳಗೆ ಕೊಡಬಹುದು. ಇವತ್ತೇ ಕೇಳು.

ಚಿಕ್ಕಂದಿನಲ್ಲಿ ನಾಯಿ ಕಚ್ಚಿದಾಗ ದೊಡ್ಡ ಮಾವನಿಗೆ ಹೊಕ್ಕುಳ ಸುತ್ತ 14 ಸೂಜಿ ಹಾಕಿದ ಕಥೆ ನಿನಗೆ ಗೊತ್ತು. ಅಂಗಿ ಎತ್ತಿ ನಿಮ್ಮನ್ನೆಲ್ಲ ನಗಿಸುತ್ತಾನಲ್ಲ, ಅದು ಬಿಡು. ಆ ಕಥೆಯಲ್ಲಿ ನಾನಿಲ್ಲ. ಹುಚ್ಚುನಾಯಿ ರೋಗ ಬಂದವರಿಗೆ ನೀರು ಕಂಡರೆ ಗಂಟಲು ಬಿಗಿಯುತ್ತದೆ ಅಂತ ದೊಡ್ಡವರು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ಅಣ್ಣ ಲೋಟ ಎತ್ತಿದಾಗಲೆಲ್ಲ ನಾನು ತುತ್ತು ಬಿಟ್ಟು ಅವನ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತಾ? ಇಳಿಯಿತು. ರಾತ್ರಿ ಎಬ್ಬಿಸಿ "ನೀರು ಕುಡಿ" ಅನ್ನುತ್ತಿದ್ದೆ, ಬೆನ್ನಿಗೆ ಗುದ್ದುತ್ತಿದ್ದ. ಸೂಜಿಗಳೆಲ್ಲ ಮುಗಿದ ಮೇಲೂ ಇದು ನಿಲ್ಲಲಿಲ್ಲ. ಒಂದು ಸಲ ನೀರು ನೆತ್ತಿಗೇರಿ ಕೆಮ್ಮಿದ, ನಾನು ಕಿರುಚಿದ್ದಕ್ಕೆ ಮನೆಮಂದಿಯೆಲ್ಲ ಓಡಿಬಂದರು. ಅವನಿಗೇನೂ ಆಗಿರಲಿಲ್ಲ. ಆ ವೈರಸ್ಸು ನರದ ದಾರಿ ಹಿಡಿದು ಮೆಲ್ಲಗೆ ಮಿದುಳಿಗೆ ಏರುತ್ತದೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಕೆಲವರಲ್ಲಿ ವರ್ಷ, ಲಕ್ಷಣ ಕಂಡಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ ಅನ್ನುವುದೆಲ್ಲ ನಾನು ಓದಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಓದಿದ ಮೇಲೆ ಭಯ ಹೆಚ್ಚೇ ಆಯಿತು. ಮೊನ್ನೆ ವಿಡಿಯೊ ಕಾಲಿನಲ್ಲಿ ನೀನು ಬಾಟಲಿ ಎತ್ತಿದಾಗ "ಯಾಕಮ್ಮ ಹಾಗೆ ನೋಡ್ತೀಯ" ಅಂದೆಯಲ್ಲ, ಅದಕ್ಕೇ.

ಉಪದೇಶ ಬೇಡ ಅಂದುಕೊಂಡೇ ಕೂತವಳು ನಾನು. ಆದರೆ ನೀನು ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುತ್ತಿದ್ದೆ, ನಾಯಿ ಕಂಡ ಮೇಲೆ ಇನ್ನೂ ಜೋರಾಗಿ ಓಡಿದೆ. ನಾಯಿಯ ಮುಂದೆ ಓಡಿ ಗೆದ್ದವರುಂಟೇ? ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ನಿಂತುಬಿಡು. ಪಕ್ಕಕ್ಕೆ ತಿರುಗಿ ನಿಲ್ಲು, ಕಣ್ಣಲ್ಲಿ ಕಣ್ಣಿಡಬೇಡ, ಬೆನ್ನು ಕೊಡಬೇಡ, ಕೈ ಬೀಸಬೇಡ, ಕಿರುಚಲೂಬೇಡ. ಅದರ ಆಸಕ್ತಿ ಇಳಿದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಮೈ ಸೆಟೆದು, ಬೆನ್ನಿನ ಕೂದಲು ನಿಮಿರಿದ್ದರೆ ಬಾಲ ಆಡಿಸಿದರೂ ನಂಬಬೇಡ. ಮೇಲೆ ಬಂದೇಬಿಟ್ಟರೆ ಬ್ಯಾಗನ್ನೋ ಜಾಕೆಟ್ಟನ್ನೋ ಅದರ ಬಾಯಿಗೆ ಕೊಡು. ಕಾಲು ಹಿಡಿದರೆ ಜಗ್ಗಬೇಡ, ಜಗ್ಗಿದಷ್ಟೂ ಸೀಳುತ್ತದೆ. ಕೆಳಗೆ ಬಿದ್ದರೆ ಮುದುಡಿಕೊ, ಮಂಡಿ ಹೊಟ್ಟೆಗೆ, ಮುಖ ಒಳಕ್ಕೆ, ಬೆರಳು ಹೆಣೆದು ಕತ್ತಿನ ಹಿಂದೆ. ಕೋಣೆಯ ಬಾಗಿಲು ಹಾಕಿಕೊಂಡು ಒಂದು ಸಲ ಮಾಡಿ ನೋಡು. ನಗಬೇಡ, ನಾನು ಮಾಡಿ ನೋಡಿದೆ. ಏಳುವುದಕ್ಕೆ ಅಪ್ಪ ಕೈ ಕೊಡಬೇಕಾಯಿತು.

ಸಾಕಿದ ನಾಯಿ, ಅದಕ್ಕೆ ಲಸಿಕೆ ಆಗಿದೆ ಅಂದರಂತೆ. ಚೀಟಿ ನೋಡಿದೆಯಾ? ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿದ್ದರೆ ಮುಂದಿನ ಸೂಜಿ ಬೇಕೋ ಬೇಡವೋ ಅಂತ ಡಾಕ್ಟರು ಹೇಳುತ್ತಾರೆ. ಅವರು ಹೇಳಬೇಕು, ನೀನಲ್ಲ. ನಿನ್ನ ಚೀಟಿಯಲ್ಲಿ 0, 3, 7, 14, 28 ಅಂತ ಬರೆದಿದ್ದಾರೆ, ಮೊದಲ ಸೂಜಿಯಿಂದ ಎಣಿಸಿದ ದಿನಗಳು ಅವು. 7 ಅಂದರೆ ಈ ಗುರುವಾರ. ರಜೆ ಸಿಗದಿದ್ದರೆ ನಿಮ್ಮ ಮ್ಯಾನೇಜರ್ ನಂಬರು ಕಳಿಸು, ನಾನೇ ಮಾತಾಡುತ್ತೇನೆ. ಅಯ್ಯೋ ಬೇಡಮ್ಮ ಅನ್ನುತ್ತೀಯ, ಗೊತ್ತು. ಹಾಗಿದ್ದರೆ ಹಾಕಿಸಿಕೊಂಡು ಚೀಟಿಯ ಫೋಟೊ ಕಳಿಸು.

ನಿನ್ನ ಅಮ್ಮ