ರೈಲಿನ ದೃಶ್ಯಕ್ಕೆ ಅಳು ಬರಲಿಲ್ಲ ಎಂದು ಬರೆದ ಪುಟ್ಟನಿಗೆ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಕೆಲಸದ ವಿಷಯ, ಮನೆ ಬದಲಾಯಿಸಿದ ವಿಷಯ ಎಲ್ಲ ಓದಿದೆ. ಅದಕ್ಕೆ ಅತ್ತಿಗೆ ಉತ್ತರ ಬರೆದಿರುತ್ತಾರೆ, ನಾನು ಮತ್ತೆ ಬರೆಯುವುದಿಲ್ಲ. ಕೊನೆಯ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೀಯಲ್ಲ, ಆ ಸಾಲುಗಳು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಸ್ಪೈಡರ್‌ಮ್ಯಾನ್ 2 ಮತ್ತೆ ಹಾಕಿಕೊಂಡು ನೋಡಿದೆ, ರೈಲಿನ ದೃಶ್ಯ ಬಂತು, ಏನೂ ಅನ್ನಿಸಲಿಲ್ಲ, ಚಿಪ್ಸ್ ತಿನ್ನುತ್ತಾ ಕೂತಿದ್ದೆ, ನಾನು ಕಲ್ಲಾಗಿಬಿಟ್ಟೆನಾ ಅತ್ತೆ, ಅಂತ.

ಬೇರೆ ಯಾರಾದರೂ ಓದಿದ್ದರೆ ನಗುತ್ತಿದ್ದರೇನೋ. ಮೂವತ್ತು ದಾಟಿದ ಗಂಡಸು ಸಿನಿಮಾ ನೋಡಿ ಅಳು ಬರಲಿಲ್ಲ ಎಂದು ಕೊರಗುವುದಾ ಅಂತ. ನನಗೆ ನಗು ಬರಲಿಲ್ಲ. 2004ರಲ್ಲಿ ನೀನು ಆ ಸಿನಿಮಾವನ್ನು ಯಾರ ಪಕ್ಕ ಕೂತು ನೋಡಿದೆ ಅಂತ ನನಗೆ ಗೊತ್ತಿಲ್ಲವಾ? ಅದನ್ನು ಇಲ್ಲಿ ಬಿಡಿಸಿ ಬರೆಯುವುದು ಬೇಡ. ಹೋದ ವರ್ಷದ ವಿಷಯವೂ ಬೇಡ. ಇಬ್ಬರಿಗೂ ಗೊತ್ತಿರುವುದೇ.

ನಿನ್ನ ಕಾಗದ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಟ್ಯಾಬಿನಲ್ಲಿ ಅದೇ ಸಿನಿಮಾ ಹಾಕಿಕೊಂಡೆ. ನಿಮ್ಮ ಮಾವ ಮಧ್ಯರಾತ್ರಿ ಎದ್ದು ನೋಡಿ, ಈ ವಯಸ್ಸಿಗೆ ಇದೇನಿದು ಅಂತ ಗೊಣಗಿ ಮತ್ತೆ ಮಲಗಿದರು. ಗೊಣಗಲಿ ಬಿಡು. ಆ ಚಿತ್ರಕಥೆ ಬರೆದ ಆಲ್ವಿನ್ ಸಾರ್ಜೆಂಟ್‌ಗೆ ಆಗ 77 ವರ್ಷ. ಅಷ್ಟು ಹೊತ್ತಿಗೆ ಎರಡು ಆಸ್ಕರ್ ಗೆದ್ದಿದ್ದ ಮನುಷ್ಯ, ಅದೂ ಮನೆಮಂದಿಯ ನೋವಿನ ಕಥೆಗಳನ್ನು ಬರೆದು ಹೆಸರಾದವರು. ಅವರಿಗಿಲ್ಲದ ನಾಚಿಕೆ ನನಗೇಕೆ?

ನಿನಗೆ ಮೊದಲಿಂದಲೂ ರೈಲು ಮುಖ್ಯ. ನನಗೆ ಲಿಫ್ಟು. ಅದನ್ನು ನೀನು ಯಾವಾಗಲೂ ಓಡಿಸಿಬಿಡುತ್ತಿದ್ದೆ, ಫೈಟ್ ಇಲ್ಲ ಅಂತ. ಸ್ಪೈಡರ್‌ಮ್ಯಾನ್ ಮೈಮೇಲೆ ಪೂರ್ತಿ ವೇಷ ಇದೆ. ಆದರೆ ಕೈಯಿಂದ ಬಲೆ ಬರುತ್ತಿಲ್ಲ, ಗೋಡೆ ಹಿಡಿಯಲು ಆಗುತ್ತಿಲ್ಲ. ಅಷ್ಟು ಎತ್ತರದ ಕಟ್ಟಡದಿಂದ ಕೆಳಗಿಳಿಯಬೇಕಲ್ಲ, ಪಾಪ, ಲಿಫ್ಟು ಹತ್ತುತ್ತಾನೆ. ಒಳಗೆ ಬಂದ ಇನ್ನೊಬ್ಬ, ಡ್ರೆಸ್ ಚೆನ್ನಾಗಿದೆ, ಎಲ್ಲಿ ತಗೊಂಡೆ ಅಂತ ಕೇಳುತ್ತಾನೆ. ನಾನೇ ಹೊಲಿದದ್ದು, ಸ್ವಲ್ಪ ತುರಿಸುತ್ತೆ ಅನ್ನುತ್ತಾನೆ ಇವನು. ಆಮೇಲೆ ಇಬ್ಬರೂ ಸುಮ್ಮನೆ ಬಾಗಿಲು ನೋಡುತ್ತಾ ನಿಂತಿರುತ್ತಾರೆ. ಕೋಟಿಗಟ್ಟಲೆ ಸುರಿದು ಮಾಡಿದ ಸಿನಿಮಾದಲ್ಲಿ ಅಷ್ಟು ಹೊತ್ತು ಏನೂ ನಡೆಯದ ಹಾಗೆ ಬಿಟ್ಟಿದ್ದಾರೆ ನಿರ್ದೇಶಕ ಸ್ಯಾಮ್ ರೈಮಿ. ಧೈರ್ಯ ಬೇಕು.

ಈ ಸಲ ನೋಡುವಾಗ ನಿನ್ನ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಅವನ ಶಕ್ತಿ ಯಾಕೆ ಹೋಯಿತು ಹೇಳು? ಯಾರೂ ಕಿತ್ತುಕೊಳ್ಳಲಿಲ್ಲ. ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸುವಂಥ ಹಸಿರು ಕಲ್ಲೂ ಇಲ್ಲ. ಕಾಲೇಜಿಗೆ ತಡ, ಪಿಜ್ಜಾ ಕೊಡಲು ತಡವಾಗಿ ಕೆಲಸವೇ ಹೋಯಿತು, ಬಾಡಿಗೆ ಬಾಕಿ, ನಿದ್ದೆಗೆ ಹೊತ್ತಿಲ್ಲ. ಎಲ್ಲಕ್ಕಿಂತ ಜಾಸ್ತಿ, ಸಾಕಿದ ಬೆನ್ ಅಂಕಲ್ ಸಾವಿನ ವಿಷಯ ಮನಸ್ಸಲ್ಲೇ ಇಟ್ಟುಕೊಂಡಿದ್ದಾನೆ. ಡಾಕ್ಟರ ಹತ್ತಿರ ಹೋದರೂ, ನನ್ನ ಗೆಳೆಯನಿಗೆ ಹೀಗೊಂದು ಕನಸು ಬೀಳುತ್ತೆ ಅಂತ ಸುತ್ತಿ ಬಳಸಿ ಹೇಳುತ್ತಾನೆ. ಸುಸ್ತಾಗಿ ಸುಸ್ತಾಗಿ ಬಲೆ ನಿಂತಿತು, ಅಷ್ಟೇ. ಕೆಟ್ಟವನಾಗಿದ್ದಕ್ಕಲ್ಲ.

ಇದನ್ನು ಬರೆದು ನಿನಗೆ ಸಮಾಧಾನ ಆಗುತ್ತಾ? ಗೊತ್ತಿಲ್ಲ. ನನಗಂತೂ ಆಗಲಿಲ್ಲ. ಮಾರನೆ ದಿನ ತರಕಾರಿ ಹೆಚ್ಚುವಾಗಲೂ ಅದೇ, ಕಲ್ಲಾಗಿಬಿಟ್ಟೆನಾ ಅತ್ತೆ, ಕಲ್ಲಾಗಿಬಿಟ್ಟೆನಾ ಅತ್ತೆ.

ಅದಕ್ಕೇ ಒಂದು ಮಾತು ಹೇಳಬೇಕು. ಇದು ಅತ್ತಿಗೆಗೂ ಗೊತ್ತಿಲ್ಲ. ನಮ್ಮಪ್ಪ ಹೋಗಿ ಆಗ ವರ್ಷಾಂತಿಕವೂ ಆಗಿರಲಿಲ್ಲ. 1978ರ ಸೂಪರ್‌ಮ್ಯಾನ್ ಅಮೆರಿಕದಲ್ಲಿ ಬಂದು ಎಷ್ಟೋ ದಿನದ ಮೇಲೆ ಬೆಂಗಳೂರಿಗೆ ಬಂದಿತ್ತು. ಅಣ್ಣ ನನ್ನನ್ನು ಕರೆದುಕೊಂಡು ಕಂಟೋನ್ಮೆಂಟ್ ಕಡೆಯ ಥಿಯೇಟರಿಗೆ ಹೋದ. ಅಮ್ಮನಿಗೆ ಲೈಬ್ರರಿ ಅಂತ ಹೇಳಿದ್ದೆವು. ದಿನ ಕಳೆಯದೆ ಸಿನಿಮಾ ಅಂದರೆ ಮನೆಯಲ್ಲಿ ರಾದ್ಧಾಂತ ಆಗುತ್ತಿತ್ತು.

ಅಣ್ಣ ಚಿತೆಗೆ ಬೆಂಕಿ ಇಟ್ಟವನು. ಅವತ್ತು ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹದಿಮೂರು ದಿನವೂ ಇಲ್ಲ. ಕೆಲವರು ಗಟ್ಟಿ ಹುಡುಗ ಅಂದರು. ಅಡುಗೆಮನೆಯಲ್ಲಿ ಕೆಲವರು ಬೇರೆ ಥರ ಮಾತಾಡಿಕೊಂಡರು. ಅದು ಅವನ ಕಿವಿಗೂ ಬಿದ್ದಿತ್ತು.

ಆ ಸಿನಿಮಾದಲ್ಲಿ ಸಾಕಿದ ಅಪ್ಪ, ಗ್ಲೆನ್ ಫೋರ್ಡ್, ಮಗನ ಜೊತೆ ಕೊಟ್ಟಿಗೆ ಕಡೆಗೆ ಓಡುವವನು ಅರ್ಧದಾರಿಯಲ್ಲಿ ನಿಂತು ತೋಳು ಹಿಡಿದುಕೊಳ್ಳುತ್ತಾನೆ. ಅಷ್ಟೇ. ಮುಂದಿನದು ಸ್ಮಶಾನ. ರೈಲಿಗಿಂತ ಜೋರಾಗಿ ಓಡಬಲ್ಲ ಹುಡುಗ, ಇಷ್ಟೆಲ್ಲ ಶಕ್ತಿ ಇದ್ದೂ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಅಂತ ತಾಯಿಯ ಹತ್ತಿರ ಹೇಳುತ್ತಾನೆ. ಅಣ್ಣ ಚಪ್ಪಲಿ ಹುಡುಕುವವನ ಹಾಗೆ ಸೀಟಿನ ಕೆಳಗೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಅವನ ಚಪ್ಪಲಿ ಅವನ ಕಾಲಲ್ಲೇ ಇತ್ತು. ಬೆನ್ನು ಅಲುಗುತ್ತಿತ್ತು. ನಾನು ಪರದೆ ನೋಡುತ್ತಾ ಕೂತೆ.

ಹೊರಗೆ ಬಂದು ಮಸಾಲೆ ದೋಸೆ ತಿಂದೆವು. ಅವನು ಬರೀ ಸೂಪರ್‌ಮ್ಯಾನ್ ಆದ ಕ್ರಿಸ್ಟೋಫರ್ ರೀವ್ ಬಗ್ಗೆ ಮಾತಾಡಿದ. ಒಂದು ಕಡೆ ರೀವ್, ಪ್ರೇಯಸಿ ಲೋಯಿಸ್‌ಗೆ ತಾನೇ ಸೂಪರ್‌ಮ್ಯಾನ್ ಅಂತ ನಿಜ ಹೇಳಿಬಿಡೋಣ ಅಂತ ಕನ್ನಡಕ ತೆಗೆದು ನೆಟ್ಟಗೆ ನಿಲ್ಲುತ್ತಾನೆ, ಕತ್ತು, ಭುಜ, ದನಿ ಎಲ್ಲ ಬದಲಾಗುತ್ತೆ. ಆಮೇಲೆ ಧೈರ್ಯ ಸಾಲದೆ ಕನ್ನಡಕ ಹಾಕಿಕೊಂಡು ಮತ್ತೆ ಕುಗ್ಗುತ್ತಾನೆ. ಟ್ರಿಕ್ಕಿಲ್ಲ ಏನಿಲ್ಲ, ಬರೀ ಮೈಯಲ್ಲಿ ಮಾಡಿದ್ದಾನೆ ನೋಡು ಅಂತ ಅಣ್ಣ ಹೋಟೆಲಿನಲ್ಲೇ ಎದ್ದು ನಿಂತು ಮಾಡಿ ತೋರಿಸಿದ. ಆ ಸಿನಿಮಾದಲ್ಲಿ ಹಾರುವುದನ್ನು ಎಲ್ಲರೂ ಹೊಗಳುತ್ತಾರೆ. ನಮ್ಮಿಬ್ಬರಿಗೆ ಹಿಡಿಸಿದ್ದು ಇದು. ಕೊನೆಗೆ ಭೂಮಿಯನ್ನೇ ಹಿಂದಕ್ಕೆ ತಿರುಗಿಸಿ ಸತ್ತವಳನ್ನು ಬದುಕಿಸುತ್ತಾನಲ್ಲ, ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅಪ್ಪನಿಗೆ ಆಗದ್ದು ಪ್ರೇಯಸಿಗೆ ಹೇಗಾಯಿತು? ಅಣ್ಣನೂ ಇದನ್ನೇ ಕೇಳಿದ್ದ, ನಗುತ್ತಾ.

ಚಪ್ಪಲಿಯ ವಿಷಯ ನಾವು ಮತ್ತೆ ಎತ್ತಲೇ ಇಲ್ಲ. ಎಷ್ಟು ಹಬ್ಬ, ಎಷ್ಟು ಮದುವೆ, ಎಷ್ಟು ಸಲ ಇಬ್ಬರೇ ಜಗಲಿಯಲ್ಲಿ ಕೂತಿದ್ದೆವು. ಗಂಡಸರ ಹತ್ತಿರ ಅದನ್ನೆಲ್ಲ ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಷ್ಟೂ ತಿಂಗಳು ಅವನಿಗೂ ನಿನ್ನ ಹಾಗೇ ಅನ್ನಿಸಿತ್ತಾ, ತಾನು ಕಲ್ಲು ಅಂತ? ಈಗ ಕೇಳೋಣ ಅಂದರೆ ಯಾರನ್ನು ಕೇಳಲಿ.

ನಿನಗೂ ಹಾಗೇ ಒಂದು ದಿನ ಬರುತ್ತೆ ಅಂತ ನಾನು ಬರೆದುಕೊಡಲಾರೆ. ಬಂದರೂ ಬರಬಹುದು, ಬರದಿದ್ದರೂ ಇರಬಹುದು. ನೀನು ಲೋಗನ್ ನೋಡು ಅಂತ ನನ್ನನ್ನು ಪೀಡಿಸಿದ್ದೆಯಲ್ಲ, 2017ರಲ್ಲಿ. ರಕ್ತ ಜಾಸ್ತಿ, ನನಗೆ ಅರ್ಧ ಸಿನಿಮಾ ಕಣ್ಣು ಮುಚ್ಚಿಕೊಂಡೇ ಆಯಿತು. ಆದರೆ ಲೋಗನ್ ನೋಡಿಕೊಳ್ಳುತ್ತಿದ್ದ ಮುದುಕ ಚಾರ್ಲ್ಸ್‌ನನ್ನು ಮಣ್ಣು ಮಾಡುವ ಕಡೆ ಕಣ್ಣು ಬಿಟ್ಟಿದ್ದೆ. ಆ ಮುದುಕ ದೋಣಿ, ನೀರು ಅಂತ ಆಸೆಪಟ್ಟಿದ್ದ. ಲೋಗನ್ ಅವನನ್ನು ಕೆರೆಯ ಹತ್ತಿರ ಹೂಳುತ್ತಾನೆ. ಏನಾದರೂ ನಾಲ್ಕು ಮಾತು ಹೇಳಬೇಕು ಅಂತ ನಿಲ್ಲುತ್ತಾನೆ. ಇಲ್ಲಿ ನೀರಿದೆ ಅನ್ನುತ್ತಾನೆ. ಮತ್ತೆ ಅದನ್ನೇ ಅನ್ನುತ್ತಾನೆ. ಮುಂದೆ ಬಾಯಿ ಬರುವುದಿಲ್ಲ. ಆಮೇಲೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂತ ಗುದ್ದಲಿ ತಗೊಂಡು ಆ ಗಾಡಿಯನ್ನೇ ಬಡಿಯುತ್ತಾನೆ. ಅವನನ್ನು ಕಲ್ಲು ಅಂತ ಯಾರಾದರೂ ಅಂದಾರಾ? ನೀನು ಹೋದ ವರ್ಷ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಹುಡುಗನ ಮೇಲೆ ಕೂಗಾಡಿದ್ದು ನೆನಪಾಯಿತು. ಎಲ್ಲರೂ ನಿನ್ನನ್ನು ಬೈದರು. ನಾನೂ ಸುಮ್ಮನಿರು ಅಂದೆ.

ನಿನ್ನ ಪೀಳಿಗೆಯವರು ಯಾವ ಸೂಪರ್‌ಹೀರೋ ಸಿನಿಮಾ ದೊಡ್ಡದು ಅಂತ ಜಗಳ ಆಡುತ್ತೀರಿ. ನನ್ನ ಲೆಕ್ಕ ಬೇರೆ. ಶಕ್ತಿ ಕೆಲಸಕ್ಕೆ ಬಾರದ ಜಾಗವನ್ನು ಯಾರು ಚೆನ್ನಾಗಿ ತೋರಿಸಿದ್ದಾರೋ ಅದು ಒಳ್ಳೆಯ ಸಿನಿಮಾ. ಬ್ಯಾಟ್‌ಮ್ಯಾನ್‌ನ ಡಾರ್ಕ್ ನೈಟ್‌ನಲ್ಲಿ ಜೋಕರ್ ಆದ ಹೀತ್ ಲೆಡ್ಜರ್ ಅದ್ಭುತ, ಒಪ್ಪಿದೆ. ಆದರೆ ನನ್ನ ಕಣ್ಣು ಆ ಎರಡು ದೋಣಿಗಳ ಮೇಲೆ. ಇನ್ನೊಂದು ದೋಣಿಯನ್ನು ಸಿಡಿಸುವ ಗುಂಡಿಯನ್ನು ಆ ಭಾರಿ ಮೈಯ ಕೈದಿ ಇಸಿದುಕೊಂಡು ಕಿಟಕಿಯಿಂದ ಎಸೆಯುತ್ತಾನೆ. ಬ್ಯಾಟ್‌ಮ್ಯಾನ್ ಅಲ್ಲಿ ಇರುವುದೇ ಇಲ್ಲ. ಮಲಯಾಳಂನ ಮಿನ್ನಲ್ ಮುರಳಿಯನ್ನು ಕನ್ನಡದಲ್ಲೇ ನೋಡಿದೆ. ಅದರಲ್ಲೂ ದರ್ಜಿ ಹುಡುಗನಿಗಿಂತ ಅವನ ಎದುರಾಳಿ ಶಿಬುವಿಗಾಗಿಯೇ ನನ್ನ ಹೊಟ್ಟೆ ಉರಿಯಿತು. ಶಿಬು ಆದ ಗುರು ಸೋಮಸುಂದರಂ ಎಂಥ ನಟ ಮಾರಾಯ! ಸಿಡಿಲು ಇಬ್ಬರಿಗೂ ಹೊಡೆಯಿತು, ಊರು ಒಬ್ಬನನ್ನು ಮಾತ್ರ ಹತ್ತಿರ ಸೇರಿಸಿತು. 2019ರ ಎಂಡ್‌ಗೇಮ್ ಆದಮೇಲೆ ಬಂದ ಎಷ್ಟೋ ಸಿನಿಮಾಗಳಲ್ಲಿ ಊರಿಗೆ ಊರೇ ಕುಸಿದರೂ ಯಾರಿಗೂ ಏನೂ ಆಗುವುದಿಲ್ಲ. ಅದನ್ನು ನೋಡಿ ಏನೂ ಅನ್ನಿಸದಿದ್ದರೆ ತಪ್ಪು ನಿನ್ನದಲ್ಲ. ಆದರೆ ನೀನು ಹೇಳಿದ್ದು ಆ ಸಿನಿಮಾಗಳ ಬಗ್ಗೆ ಅಲ್ಲ ಅಲ್ವಾ. ರೈಲಿನ ಬಗ್ಗೆ.

ಆ ರೈಲನ್ನು ತಡೆದು ನಿಲ್ಲಿಸಿ ಕುಸಿದ ಸ್ಪೈಡರ್‌ಮ್ಯಾನ್‌ನನ್ನು ಜನ ತಲೆಯ ಮೇಲೆ ಎತ್ತಿ ಒಳಗೆ ಸಾಗಿಸುತ್ತಾರೆ. ಮುಖವಾಡ ಇಲ್ಲ, ಜ್ಞಾನ ಇಲ್ಲ, ಅವನು ಅಲ್ಲಿ ಏನೂ ಮಾಡುವುದಿಲ್ಲ. ಅವರು ಅವನಿಂದ ಏನೂ ಕೇಳುವುದೂ ಇಲ್ಲ. ನನ್ನ ಮಗನಿಗಿಂತ ದೊಡ್ಡವನೇನಲ್ಲ ಅನ್ನುತ್ತಾನೆ ಒಬ್ಬ. ಸುಮ್ಮನೆ ಮಲಗಿಸುತ್ತಾರೆ.

ಕಾಲು ಜೋಮು ಹಿಡಿದರೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಆದರೆ ಕಾಲು ಹೋಯಿತು ಅಂತ ಯಾರೂ ಅನ್ನುವುದಿಲ್ಲ. ನಿನ್ನದು ಅಂಥದ್ದೇ ಇರಬಹುದು. ಡಾಕ್ಟರಲ್ಲ ನಾನು. ಊಟ ನಿದ್ದೆ ಎರಡೂ ಕೆಟ್ಟು, ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿದ್ದರೆ ಮಾತ್ರ ಒಬ್ಬ ಡಾಕ್ಟರ ಹತ್ತಿರ ಹೋಗು. ಗೆಳೆಯನ ಕನಸು ಅಂತ ಹೇಳಬೇಡ, ನಿನ್ನದೇ ಅಂತ ಹೇಳು.

ಮತ್ತೆ ಏನು ಹೇಳಲಿ. ನಾನು ಹೇಳುವುದೆಲ್ಲ ನಿನಗೆ ಗೊತ್ತಿರುವುದೇ. ಪದೇ ಪದೇ ಆ ದೃಶ್ಯ ಹಾಕಿಕೊಂಡು ಬರುತ್ತಾ ಬರುತ್ತಾ ಅಂತ ಕಾಯಬೇಡ. ಸ್ಪೈಡರ್‌ಮ್ಯಾನೂ ಹಾಗೇ ಮಾಡುತ್ತಾನೆ, ಶಕ್ತಿ ವಾಪಸು ಬಂತು ಅಂತ ಕೂಗಿಕೊಂಡು ಮಹಡಿಯಿಂದ ಜಿಗಿದು ಕೆಳಗಿನ ಕಾರುಗಳ ಮೇಲೆ ಬಿದ್ದು ಸೊಂಟ ಹಿಡಿದುಕೊಳ್ಳುತ್ತಾನೆ. ನೀನು ಚಿಕ್ಕವನಿದ್ದಾಗ ಅದಕ್ಕೆ ಉರುಳಾಡಿ ನಗುತ್ತಿದ್ದೆ. ಆ ಸಿನಿಮಾ ಸ್ವಲ್ಪ ದಿನ ಬಿಟ್ಟುಬಿಡು. ಬಿಡು ಅಂದರೆ ಬೇಜಾರಾಗುತ್ತೇನೋ. ಸರಿ, ನೋಡಲೇಬೇಕು ಅನ್ನಿಸಿದರೆ ಬಾಡಿಗೆ ಮನೆ ಯಜಮಾನನ ಮಗಳು ಚಾಕೊಲೇಟ್ ಕೇಕು ಮತ್ತು ಹಾಲು ತಂದುಕೊಡುತ್ತಾಳಲ್ಲ, ಅಷ್ಟು ನೋಡಿ ಆಫ್ ಮಾಡು. ಬೆಂಕಿಯಿಂದ ಒಂದು ಮಗುವನ್ನು ಶಕ್ತಿಯಿಲ್ಲದೆಯೂ ಎತ್ತಿ ತಂದವನು, ನಾಲ್ಕನೇ ಮಹಡಿಯಲ್ಲಿ ಇನ್ನೊಬ್ಬರು ಸಿಕ್ಕಿಬಿದ್ದು ಸತ್ತುಹೋದರು ಅಂತ ಕೇಳಿಕೊಂಡು ಬಂದಿರುತ್ತಾನೆ. ಆ ಹುಡುಗಿ ಏನೂ ವಿಚಾರಿಸುವುದಿಲ್ಲ. ಇವನು ತಿನ್ನುತ್ತಾನೆ. ನೀನು ಚಿಪ್ಸ್ ತಿಂದದ್ದನ್ನು ಏನೋ ಅಪರಾಧ ಮಾಡಿದವನ ಹಾಗೆ ಬರೆದಿದ್ದೀಯ. ಹಸಿದಿದ್ದೆ, ತಿಂದೆ. ರಾತ್ರಿ ಊಟಕ್ಕೆ ಚಿಪ್ಸ್ ಒಂದೇ ಆಗಿದ್ದರೆ ಅದು ಬೇರೆ ಮಾತು, ಅದಕ್ಕೆ ಬೈಯುತ್ತೇನೆ.

ಚಪ್ಪಲಿಯ ವಿಷಯ ಅತ್ತಿಗೆಗೆ ನೀನು ಹೇಳುವುದಾದರೆ ಹೇಳು, ನನಗಂತೂ ಬಾಯಿ ಬರುವುದಿಲ್ಲ. ದಸರಾಕ್ಕೆ ಬಾ ಅಂತ ಒತ್ತಾಯ ಮಾಡುವುದಿಲ್ಲ, ರಜೆ ಸಿಕ್ಕರೆ ಬಾ. ಬರುವಾಗ ಟ್ಯಾಬಿಗೆ ಚಾರ್ಜರು ತಾ, ಇಲ್ಲಿಯದು ಹಿಡಿದುಕೊಂಡು ಕೂತರೆ ಮಾತ್ರ ಚಾರ್ಜ್ ಆಗುತ್ತೆ. ಅಂದ ಹಾಗೆ, ಎಷ್ಟು ಹೊತ್ತಿಗೆ ಮಲಗುತ್ತಿದ್ದೀಯ ಅಂತ ನೀನು ಎಲ್ಲೂ ಬರೆದಿಲ್ಲ. ಅದಕ್ಕೆ ಮೊದಲು ಉತ್ತರ ಬರೆ.

ನಿನ್ನ ಅತ್ತೆ